ಬೋಂಡಾ ಉಂಡ ಸಂಜೆ

ವಿವರಿಸಲಾಗದ ಸಂಗತಿಗಳ ಬಗ್ಗೆ ನನಗೆ ಎಂದೂ ಗೌರವವಿರಲಿಲ್ಲ. ಬೆಂಗಳೂರಿನ ಒಂದು ಪತ್ರಿಕೆಯ ಸುದ್ದಿಮೇಜಿನಲ್ಲಿ ಇಪ್ಪತ್ತೆರಡು ವರ್ಷ ಕೂತಿದ್ದವನು ನಾನು. ಕಲ್ಲು ಬೀಳುವ ಮನೆ, ತಾನಾಗಿ ಹೊತ್ತಿಕೊಳ್ಳುವ ಬಟ್ಟೆ ಎಂದೆಲ್ಲ ಜಿಲ್ಲೆಗಳಿಂದ ವರದಿಗಳು ಬರುತ್ತಿದ್ದವು. ನಾನು ವರದಿಗಾರನಿಗೆ ಫೋನ್ ಮಾಡಿ ಕೇಳುತ್ತಿದ್ದೆ: ನೋಡಿದವರು ಯಾರು? ಆಗ ಎಲ್ಲಿ ನಿಂತಿದ್ದರು? ಇದನ್ನು ಅವರೇ ನಿಮಗೆ ಹೇಳಿದರೋ, ಪಕ್ಕದ ಮನೆಯವರು ಹೇಳಿದರೋ? ಮೂರನೆಯ ಪ್ರಶ್ನೆಗೆ ಸಾಮಾನ್ಯವಾಗಿ ಆ ಕಡೆಯಿಂದ ಗಂಟಲು ಸರಿಮಾಡಿಕೊಳ್ಳುವ ಸದ್ದು ಬರುತ್ತಿತ್ತು. ವರದಿ ಬುಟ್ಟಿಗೆ ಹೋಗುತ್ತಿತ್ತು.

ಈಗ ಹೇಳಹೊರಟಿರುವುದನ್ನು ಬೇರೆ ಯಾರಾದರೂ ಕಳಿಸಿದ್ದರೆ ಅದನ್ನೂ ಬುಟ್ಟಿಗೆ ಹಾಕುತ್ತಿದ್ದೆ. ಓದುಗರು ಹಾಗೆ ಮಾಡಿದರೆ ನನ್ನ ತಕರಾರಿಲ್ಲ. ನಡೆದದ್ದನ್ನು ನಡೆದ ಕ್ರಮದಲ್ಲಿ ಬರೆಯುತ್ತೇನೆ.

ಹೆಂಡತಿಯ ಕಂಪನಿ ಅವಳನ್ನು ಟೋಕಿಯೋಗೆ ಕಳಿಸಿದಾಗ ನಾನು ಕೆಲಸ ಬಿಟ್ಟು ಜೊತೆಗೆ ಬಂದೆ. ಟೋಕಿಯೋದ ಪಕ್ಕದ ಗ್ಯೋಟೋಕುವಿನಲ್ಲಿ ಮನೆ. ಅವಳು ಆಫೀಸಿಗೆ, ನಾನು ಅಡುಗೆಮನೆಗೆ. ಬಿಡುವಿನಲ್ಲಿ ಬಡಾವಣೆಯ ಸಭಾಭವನದಲ್ಲಿ ವಯಸ್ಸಾದ ಸ್ವಯಂಸೇವಕರಿಂದ ಜಪಾನಿ ಕಲಿತೆ. ನಮ್ಮ ಕಟ್ಟಡದಲ್ಲೇ ಮೂರನೆಯ ಮಹಡಿಯಲ್ಲಿ ಮೈಸೂರಿನ ರವಿ ಮತ್ತು ವಸುಧಾ ಇದ್ದರು. ಅವರಿಗೆ ಎಂಟು ವರ್ಷದ ಮಗಳು ಇಂಚರಾ, ಮತ್ತು ಒಂದು ಕಂದು ಬಣ್ಣದ ನಾಯಿ. ಸುರುಳಿ ಸುತ್ತಿ ಮಲಗಿದಾಗ ಎಣ್ಣೆಯಿಂದ ಆಗತಾನೆ ಎತ್ತಿದ ಹಾಗೆ ಕಾಣುತ್ತದೆಂದು ರವಿ ಅದಕ್ಕೆ ಬೋಂಡಾ ಎಂದು ಹೆಸರಿಟ್ಟಿದ್ದ.

ಜಪಾನಿನಲ್ಲಿ ನಾಯಿಗೆ ಊಟವಿಟ್ಟು ಕಾಯಿಸುವುದು ರೂಢಿ. ತಟ್ಟೆ ಮುಂದಿರುತ್ತದೆ, ಯಜಮಾನ ಒಪ್ಪಿಗೆಯ ಮಾತು ಹೇಳುವವರೆಗೆ ನಾಯಿ ಬಾಯಿ ಹಾಕುವುದಿಲ್ಲ. ಎಲ್ಲರೂ ಇದಕ್ಕೆ ಒಂದೇ ಜಪಾನಿ ಪದ ಕಲಿಸುತ್ತಾರೆ. ರವಿ ಮಾತ್ರ ತಮಾಷೆಗೆಂದು ನಮ್ಮ ಮದುವೆಮನೆಗಳ ಮಾತನ್ನು ಕಲಿಸಿದ. ಹೆಗಲ ಮೇಲೊಂದು ಟವೆಲ್ ಹಾಕಿಕೊಂಡು, ಪಂಕ್ತಿಯ ನಡುವೆ ಕೈಮುಗಿದು ಬರುವ ಹೆಣ್ಣಿನ ತಂದೆಯ ಹಾಗೆ ಬಾಗಿ, ಮೊದಲ ಅಕ್ಷರವನ್ನು ಉದ್ದಕ್ಕೆ ಎಳೆದು, "ಸಾವಕಾಶವಾಗಿ ಆಗಲಿ" ಎನ್ನುತ್ತಿದ್ದ. ಬೋಂಡಾ ಆಮೇಲೆಯೇ ಉಣ್ಣುತ್ತಿತ್ತು. ನೋಡಿದವರೆಲ್ಲ ನಗುತ್ತಿದ್ದರು, ನಾನೂ ನಕ್ಕಿದ್ದೇನೆ. ಇಡೀ ದೇಶದಲ್ಲಿ ಒಬ್ಬನೇ ಮನುಷ್ಯ ಆ ನಾಯಿಗೆ ಊಟ ಹಾಕಬಲ್ಲ ಎಂಬುದು ಆಗ ಯಾರಿಗೂ ಹೊಳೆಯಲಿಲ್ಲ.

ಕೋವಿಡ್ ಎರಡನೇ ಅಲೆಯ ವರ್ಷ ರವಿ ಒಂದು ಕೆಲಸಕ್ಕೆಂದು ಒಬ್ಬನೇ ಬೆಂಗಳೂರಿಗೆ ಹೋದ. ದಿನಾ ಸಂಜೆ ವಿಡಿಯೋ ಕರೆಯಲ್ಲಿ ಅಲ್ಲಿಂದಲೇ ಬೋಂಡಾಗೆ ಮಾತು ಹೇಳುತ್ತಿದ್ದ. ಆಮೇಲೆ ಆಸ್ಪತ್ರೆ ಸೇರಿದ. ಮೂರು ವಾರ ಐಸಿಯುನಲ್ಲಿದ್ದ. ತೀರಿಕೊಂಡ ಸುದ್ದಿ ಆಸ್ಪತ್ರೆಯಿಂದ ವಾಟ್ಸಾಪಿನಲ್ಲಿ ಬಂತು. ವಸುಧಾ ಹೋಗಲು ವಿಮಾನವಿರಲಿಲ್ಲ. ಆ ತಿಂಗಳು ನಮ್ಮಲ್ಲಿ ಅಂಥ ಸುದ್ದಿ ಬರದ ಮನೆ ಕಡಿಮೆ. ಅಳುವವರು ಅತ್ತರು. ವಸುಧಾ ಅಳಲಿಲ್ಲ, ಅಕ್ಕಿ ತೊಳೆದಿಟ್ಟು ಒಲೆ ಹಚ್ಚಲು ಮರೆಯುತ್ತಿದ್ದಳು. ನಾನು ಎರಡು ಹೊತ್ತು ಸಾರು, ಪಲ್ಯ ಮಾಡಿ ಅವರ ಬಾಗಿಲ ಹಿಡಿಗೆ ನೇತುಹಾಕಿ ಬರುತ್ತಿದ್ದೆ. ನನಗೂ ಏನೂ ಅನ್ನಿಸುತ್ತಿರಲಿಲ್ಲ. ಅನ್ನಿಸಬೇಕಿತ್ತು ಎಂಬುದಷ್ಟೇ ಗೊತ್ತಿತ್ತು.

ನಾಯಿಗೆ ಅವಳು ರವಿಯ ಹಳೆಯ ವಾಯ್ಸ್ ಮೆಸೇಜ್ ಹಾಕುತ್ತಿದ್ದಳು. ಕೆಲವು ವಾರ ಅದು ನಡೆಯಿತು. ಒಂದು ದಿನ ಬೋಂಡಾ ಫೋನಿನ ಕಡೆ ನೋಡಿತು, ತಟ್ಟೆಯ ಕಡೆ ನೋಡಿತು, ಹೋಗಿ ಬಾಗಿಲ ಬಳಿ ಮಲಗಿತು.

"ಬಳಸಿ ಬಳಸಿ ಸವೆಸ್ಬಿಟ್ಟೆ ಸರ್," ಎಂದಳು ವಸುಧಾ.

ನಾನೂ ಪ್ರಯತ್ನಿಸಿದೆ. ನಾನು ಆ ಮಾತು ಹೇಳಿದರೆ ನಾಯಿ ನನ್ನನ್ನು ದಾಟಿ ನನ್ನ ಹಿಂದೆ ನೋಡುತ್ತಿತ್ತು. ಇಂಚರಾ ತೀರ್ಪು ಕೊಟ್ಟಳು: "ಅಂಕಲ್, ನೀವು ನ್ಯೂಸ್ ತರ ಹೇಳ್ತೀರ. ಡ್ಯಾಡಿ ಸೇಸ್ ಇಟ್ ಮದುವೆ ತರ."

ವಸುಧಾಳ ವೀಸಾ ರವಿಯ ಕೆಲಸಕ್ಕೆ ಕಟ್ಟಿಕೊಂಡಿತ್ತು. ಕಂಪನಿಯ ಮನೆಯನ್ನು ತಿಂಗಳ ಕೊನೆಗೆ ಬಿಡಬೇಕು. ಸಿಕ್ಕ ವಿಮಾನದಲ್ಲಿ ನಾಯಿಗೆ ಜಾಗವಿಲ್ಲ. ನನ್ನ ಹೆಂಡತಿಗೆ ನಾಯಿಯ ಕೂದಲು ಒಗ್ಗದು, ನಮ್ಮಲ್ಲಿ ಇಟ್ಟುಕೊಳ್ಳುವಂತಿರಲಿಲ್ಲ. ಬೇರೆ ಯಾರಾದರೂ ಇಟ್ಟುಕೊಳ್ಳಬೇಕು, ಇಲ್ಲವಾದರೆ ಸರ್ಕಾರಿ ಆಶ್ರಯಕ್ಕೆ ಬಿಡಬೇಕು. ಉಣ್ಣದ ನಾಯಿಯನ್ನು ಅಲ್ಲಿಂದ ಯಾರೂ ಒಯ್ಯುವುದಿಲ್ಲ. ಪಶುವೈದ್ಯರು ಆಗಲೇ ಎರಡು ಸಲ ಡ್ರಿಪ್ ಹಾಕಿದ್ದರು. ದೇಹದಲ್ಲಿ ದೋಷವಿಲ್ಲ, ಆದರೆ ಹೀಗೇ ಹೆಚ್ಚು ದಿನ ನಡೆಯದು ಎಂದಿದ್ದರು.

ನನಗೆ ಜಪಾನಿ ಕಲಿಸುತ್ತಿದ್ದವರೊಬ್ಬರ ಮೂಲಕ ಓನೋ-ಸಾನ್ ಸಿಕ್ಕರು. ಅರವತ್ತು ದಾಟಿದ ಹೆಂಗಸು, ಯಾಮಾನಾಶಿ ಪ್ರಾಂತ್ಯದ ಬೆಟ್ಟದ ತಪ್ಪಲಲ್ಲಿ ಒಬ್ಬರೇ ಇದ್ದರು. ನಾಯಿಗಳನ್ನು ಕರೆದುಕೊಂಡು ರಜೆಗೆ ಬರುವವರಿಗಾಗಿ ಅಲ್ಲಿ ಮೂರು ಕಾಟೇಜು ಕಟ್ಟಿಸಿದ್ದರು. ಹರೆಯದಲ್ಲಿ ಇಂಗ್ಲೆಂಡಿನ ಹಳ್ಳಿಗಾಡಿನಲ್ಲಿ ಒಂದು ವಾರ ಕಳೆದಿದ್ದರಂತೆ, ಅಲ್ಲಿ ಕಂಡದ್ದನ್ನೇ ಇಲ್ಲಿ ಮಾಡಿದ್ದರು. ಕಲ್ಲಿನ ಗೋಡೆ, ಕಡಿದಾದ ಮಾಡು, ಬಾಗಿಲಿಗೆ ಹಬ್ಬಿಸಿದ ಗುಲಾಬಿ, ನಾಯಿಗಳಿಗೆ ಸ್ವಾಗತ ಎಂಬ ಇಂಗ್ಲಿಷ್ ಫಲಕ. ಒಳಗೆ ಮಾತ್ರ ಚಪ್ಪಲಿ ಬಿಟ್ಟೇ ಹೋಗಬೇಕು. ಬಾಗಿಲ ಪಕ್ಕದಲ್ಲಿ ನಾಯಿಯ ಕಾಲು ತೊಳೆಯಲು ಒಂದು ಗಿಡ್ಡ ನಲ್ಲಿ. ಪಿಡುಗಿನ ಕಾಲದಲ್ಲಿ ಅತಿಥಿಗಳಿರಲಿಲ್ಲ. ಅವರ ಸ್ವಂತ ನಾಯಿ ಆ ಚಳಿಗಾಲದಲ್ಲಿ ಸತ್ತಿತ್ತು. ಫೋನಿನಲ್ಲಿ ಒಂದೇ ಷರತ್ತು ಹಾಕಿದರು: "ಎರಡು ದಿನ ಇಲ್ಲಿ ಇರಿ. ನನ್ನ ಕೈಯಿಂದ ಒಂದು ಹೊತ್ತು ಉಂಡರೆ ಇಟ್ಟುಕೊಳ್ಳುತ್ತೇನೆ. ಉಣ್ಣದಿದ್ದರೆ ಕ್ಷಮಿಸಿ. ಇನ್ನೊಂದು ನಾಯಿ ಸಾಯುವುದನ್ನು ನೋಡಲಾರೆ."

ನಾಯಿ ನಮ್ಮ ಭಾಷೆಯ ಒಂದು ಮಾತಿಗೆ ಕಾಯುತ್ತದೆ, ಈಗ ಅದೂ ಕೆಲಸ ಮಾಡುತ್ತಿಲ್ಲ ಎಂದು ನಾನು ಅವರಿಗೆ ಇಮೇಲ್ ಬರೆದು ತಿಳಿಸಿದ್ದೆ. ಮಾತು ಯಾವುದೆಂದು ಹೇಳಿರಲಿಲ್ಲ. ಬರೆದ ಪತ್ರಗಳನ್ನು ಆಮೇಲೆ ತೆಗೆದು ನೋಡಿದ್ದೇನೆ, ಅವುಗಳಲ್ಲಿ ಇಲ್ಲ.

ಮಳೆಗಾಲದ ಒಂದು ಶನಿವಾರ ಬಾಡಿಗೆ ಕಾರಿನಲ್ಲಿ ಹೊರಟೆವು. ನಾನು, ವಸುಧಾ, ಇಂಚರಾ, ಬೋಂಡಾ. ಬೇರೆ ಪ್ರಾಂತ್ಯದ ನಂಬರ್ ಪ್ಲೇಟ್ ಕಂಡರೆ ಸೋಂಕು ಬಂತೆಂದು ಊರಿನವರು ಮಾತಾಡಿಕೊಳ್ಳುತ್ತಿದ್ದ ದಿನಗಳು. ಓನೋ-ಸಾನ್ ಮಾಸ್ಕಿನೊಳಗಿಂದಲೇ ಸುಮಿಮಾಸೆನ್, ಕ್ಷಮಿಸಿ ಎಂದು ಹಲವು ಸಲ ಹೇಳಿ, ಕಾರನ್ನು ಮನೆಯ ಹಿಂದೆ ನಿಲ್ಲಿಸಲು ಕೈತೋರಿಸಿದರು.

ಮೊದಲ ಸಂಜೆ ಆರೂವರೆಗೆ ಅವರು ತಟ್ಟೆ ತಂದಿಟ್ಟರು. ಕೋಳಿ ಬೇಯಿಸಿ ಬಿಡಿಸಿದ್ದರು. ಬೋಂಡಾ ಮುಂದೆ ಕೂತು ಕಾಯಿತು. ಜಪಾನಿ ಒಪ್ಪಿಗೆ ಹೇಳಿದರು. ಅದು ಮರ್ಯಾದೆಯಿಂದ ಕೇಳಿಸಿಕೊಂಡಿತು, ಅಲುಗಲಿಲ್ಲ. ಅರ್ಧ ಗಂಟೆಯ ನಂತರ ತಟ್ಟೆ ಎತ್ತಿದರು.

ಭಾನುವಾರ ಅವರು ಬೇರೆ ಕ್ರಮ ಮಾಡಿದರು. "ಮನೆಯವರು ಕಣ್ಣಿಗೆ ಬಿದ್ದರೆ ಅದು ಅವರನ್ನೇ ನೋಡುತ್ತದೆ. ತಾಯಿ, ಮಗಳು ಮೇಲೆ ಹೋಗಿ ಬಾಗಿಲು ಹಾಕಿಕೊಳ್ಳಲಿ." ಅವರಿಬ್ಬರೂ ಮಹಡಿಗೆ ಹೋದರು. ಇಂಚರಾ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ತಾಯಿಯ ಫೋನಿನಲ್ಲಿ ಕಾರ್ಟೂನ್ ನೋಡುತ್ತ ಹೋದಳು. ರವಿಯ ದನಿ ಇದ್ದದ್ದು ಆ ಫೋನಿನಲ್ಲಿ ಮಾತ್ರ.

ಕೆಳಗೆ ಉಳಿದವರು ನಾವಿಬ್ಬರೇ. ನನ್ನ ಹಳೆಯ ರೆಕಾರ್ಡರ್ ಮೇಜಿನ ಮೇಲೆ ಚಾಲೂ ಇತ್ತು. ನಾಯಿಯ ಬಗ್ಗೆ ಓನೋ-ಸಾನ್ ಹೇಳುವ ಮಾತುಗಳನ್ನು ವಸುಧಾಗೆ ಅನುವಾದಿಸಿ ಕೊಡಬೇಕಿತ್ತು, ಒಪ್ಪಂದದ ಮಾತುಗಳನ್ನು ನೆನಪಿಗೆ ಬಿಡುವ ಅಭ್ಯಾಸ ನನಗಿಲ್ಲ. ನಾನು ಸಿಂಕಿನ ಮುಂದೆ ಕಿಟಕಿಗೆ ಮುಖಮಾಡಿ ಚಹಾದ ಲೋಟ ತೊಳೆಯುತ್ತಿದ್ದೆ. ಹೊರಗೆ ಇನ್ನೂ ಬೆಳಕಿತ್ತು. ಓನೋ-ಸಾನ್ ನೆಲದ ಮೇಲೆ ಮಂಡಿಯೂರಿ ಕೂತು ತಟ್ಟೆ ಇಟ್ಟರು. ಬೋಂಡಾ ಕೂತಿತು.

ಹಿಂದೆ ಓನೋ-ಸಾನ್ "ಹಾಯ್?" ಎಂದದ್ದು ಕೇಳಿತು, ಜಪಾನಿಯ ಹಾಂ, ಯಾರೋ ಕರೆದದ್ದಕ್ಕೆ ಓಗೊಟ್ಟ ಹಾಗೆ. ಆಮೇಲೆ ತಟ್ಟೆ ನೆಲಕ್ಕೆ ಉಜ್ಜುವ ಸದ್ದು. ತಿರುಗಿದೆ. ಬೋಂಡಾ ಉಣ್ಣುತ್ತಿತ್ತು. ಆತುರವಿಲ್ಲದೆ, ಹಿಂದೆ ಗ್ಯೋಟೋಕುವಿನಲ್ಲಿ ಉಣ್ಣುತ್ತಿದ್ದಂತೆಯೇ. ನಡುವೆ ಒಮ್ಮೆ ತಲೆ ಎತ್ತಿ ಬಾಗಿಲ ಕಡೆ ನೋಡಿ ಬಾಲ ಆಡಿಸಿ ಮತ್ತೆ ಬಗ್ಗಿತು. ನಾನು ಗಡಿಯಾರ ನೋಡಿದೆ. ಆರು ಮೂವತ್ತೆಂಟು.

ಮೇಲೆ ಕೂಗಿ ಹೇಳಿದೆ. ವಸುಧಾ ಮಗಳೊಡನೆ ಇಳಿದು ಬಂದು ಖಾಲಿ ತಟ್ಟೆ ನೋಡುತ್ತ ನಿಂತಳು. ಆಗ ಓನೋ-ಸಾನ್ ನನ್ನನ್ನು ಕೇಳಿದರು: "ಈಗ ನೀವು ಹೇಳಿದಿರಲ್ಲ, ಅದರ ಅರ್ಥವೇನು? ನಾನೂ ಕಲಿತುಕೊಳ್ಳಬೇಕು." ಬಳಿಕ ನಿಧಾನವಾಗಿ, ತಮ್ಮ ನಾಲಿಗೆಗೆ ಒಗ್ಗಿದಂತೆ ಉಚ್ಚರಿಸಿದರು: "ಸಾಆವಕಾಶಾ... ವಾಗಿ... ಆಗಾರಿ." ಮೊದಲ ಅಕ್ಷರದ ಎಳೆತವೂ ಇತ್ತು.

ವಸುಧಾಗೆ ಜಪಾನಿ ಅಷ್ಟಾಗಿ ಬಾರದು. ಇದು ಅರ್ಥವಾಯಿತು. "ಸರ್, ನೀವು ಹೇಳಿಕೊಟ್ರಾ?"

"ಇಲ್ಲ."

"ಇಂಚು, ನೀನು?"

"ನೋ ಅಮ್ಮಾ. ಐ ವಾಸ್ ವಿತ್ ಯೂ."

ನಾನು ಹೇಳಿಲ್ಲವೆಂದು ಓನೋ-ಸಾನ್‌ಗೆ ತಿಳಿಸಿದೆ. ಅವರು ನಂಬಲಿಲ್ಲ. ಗಂಡಸಿನ ದನಿ, ಬಾಗಿಲ ಹತ್ತಿರದಿಂದ ಬಂತು ಎಂದರು. ಸಿಂಕಿದ್ದದ್ದು ಅವರ ಎಡಕ್ಕೆ, ಬಾಗಿಲು ಬಲಕ್ಕೆ. ಅದನ್ನು ತೋರಿಸಿದಾಗ ಅವರು ಎರಡೂ ಕಡೆ ತಿರುಗಿ ತಿರುಗಿ ನೋಡಿದರು.

ರೆಕಾರ್ಡರ್ ಹಿಂದಕ್ಕೆ ತಿರುಗಿಸಿ ಹಾಕಿದೆ. ನಲ್ಲಿಯ ನೀರು. ಲೋಟ. ತಟ್ಟೆ ಇಟ್ಟ ಸದ್ದು. ನಲ್ಲಿ ನಿಲ್ಲಿಸಿದ್ದು. ಆಮೇಲೆ ಮೂರು ಸೆಕೆಂಡು ಏನೂ ಇಲ್ಲ. ಮತ್ತೆ ಓನೋ-ಸಾನ್‌ರ "ಹಾಯ್?" ಮೂರು ಸಲ ಕೇಳಿದೆವು. ಆ ಮೂರು ಸೆಕೆಂಡಿನಲ್ಲಿ ನನ್ನ ದನಿ ಇಲ್ಲ, ಯಾರ ದನಿಯೂ ಇಲ್ಲ. ಆ ಮರದ ಮೆಟ್ಟಿಲು ಬೆಕ್ಕು ಇಳಿದರೂ ಕಿರುಗುಟ್ಟುತ್ತದೆ. ಆ ಸದ್ದೂ ಇಲ್ಲ.

ಭಯವಾಯಿತೇ ಎಂದು ಕೆಲವರು ಕೇಳಿದ್ದಾರೆ. ಇಲ್ಲ. ಉಳಿದ ಲೋಟಗಳನ್ನು ತೊಳೆದಿಟ್ಟು ಮೇಜು ಒರೆಸಿದೆ. ಓನೋ-ಸಾನ್ ಬೋಂಡಾದ ಕತ್ತಿನ ಮೇಲೆ ಕೈಯಿಟ್ಟು, ಇದು ಇನ್ನು ಇಲ್ಲಿಯದು ಎಂದರು. ವಸುಧಾ ತಲೆಯಾಡಿಸಿದಳು. ಎರಡು ತಿಂಗಳಲ್ಲಿ ಮೊದಲ ಸಲ ಅವಳ ಮುಖ ಅಲುಗಿದ್ದು ಆಗ.

"ಹತ್ತು ನಿಮಿಷ ಮೇಲಿದ್ದೆ ಸರ್," ಎಂದಳು. "ಹತ್ತೇ ನಿಮಿಷ."

ಮರುದಿನ ಬೆಳಿಗ್ಗೆ ಓನೋ-ಸಾನ್ ತಟ್ಟೆ ಇಟ್ಟು ಏನನ್ನೂ ಹೇಳಲಿಲ್ಲ. ಬೋಂಡಾ ಉಂಡಿತು. ಮುಂದೆ ಅದಕ್ಕೆ ಯಾವ ಮಾತೂ ಬೇಕಾಗಲಿಲ್ಲ. ನಾವು ಹೊರಡುವಾಗ ಇಂಚರಾ ಅದರ ಕುತ್ತಿಗೆ ತಬ್ಬಿ ಜಪಾನಿಯಲ್ಲಿ ತುಂಬ ಹೊತ್ತು ಏನೋ ಹೇಳಿದಳು. ಮರುವಾರ ತಾಯಿ, ಮಗಳು ಊರಿಗೆ ಹೋದರು.

ಕಾರಣಗಳನ್ನು ನಾನು ಹುಡುಕಿದ್ದೇನೆ. ನನಗರಿವಿಲ್ಲದೆ ನಾನೇ ಗೊಣಗಿರಬಹುದೇ? ಓನೋ-ಸಾನ್‌ರ ಉಸಿರು ಸಹ ದಾಖಲಾಗಿರುವ ಯಂತ್ರದಲ್ಲಿ ನನ್ನ ಗೊಣಗು ಇರಬೇಕಿತ್ತು. ಮಗು ಹಿಂದಿನ ದಿನ ಹೇಳಿಕೊಟ್ಟಿರಬಹುದೇ? ಇಬ್ಬರೂ ಇಲ್ಲ ಎನ್ನುತ್ತಾರೆ, ಸುಳ್ಳು ಹೇಳಲು ಇಬ್ಬರಿಗೂ ಕಾರಣವಿಲ್ಲ. ಹೇಳಿಕೊಟ್ಟಿದ್ದರೂ ಆ ಕ್ಷಣ ನಾಯಿ ಎದ್ದದ್ದು ಯಾವುದಕ್ಕೆ? ಹಸಿವು ತಡೆಯದೆ ತಾನಾಗಿ ಉಂಡಿತು ಎಂದುಕೊಂಡರೆ ನಾಯಿಯ ಲೆಕ್ಕ ಸರಿಹೋಗುತ್ತದೆ, ಓನೋ-ಸಾನ್‌ರದ್ದು ಉಳಿಯುತ್ತದೆ. ಇದಕ್ಕಿಂತ ಮುಂದೆ ನನಗೆ ಹೋಗಲಾಗಿಲ್ಲ.

ಕಳೆದ ವರ್ಷ ವಸುಧಾ ಮೈಸೂರಿನಿಂದ ಫೋನ್ ಮಾಡಿದ್ದಳು. ಬೋಂಡಾದ ಹೊಸ ಫೋಟೋ ಸಿಕ್ಕಿತೆಂದು ಹೇಳಿ, ಆಮೇಲೆ ಕೇಳಿದಳು.

"ಸರ್, ನಿಜ ಹೇಳಿ. ಅವತ್ತು ನೀವೇ ಹೇಳಿದ್ರಾ?"

"ಇಲ್ಲ ವಸುಧಾ."

"ಪಾಪ ಅಂತ ಅನ್ನಿಸಿ, ಮೆಲ್ಲಗೆ, ಏನಾದ್ರೂ..."

"ರೆಕಾರ್ಡಿಂಗ್‌ನಲ್ಲಿ ಇಲ್ವಲ್ಲ. ನೀವೂ ಕೇಳಿದ್ರಿ."

"ಹೂಂ ಅಂದ್ಬಿಟ್ಟಿದ್ರೆ ಆಗ್ತಿತ್ತು ಸರ್." ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. "ಮೂರು ವಾರ ಆಸ್ಪತ್ರೆಯಿಂದ ನಂಗೆ ಒಂದು ಮಾತು ಬರ್ಲಿಲ್ಲ. ಆಮೇಲೂ ಬರ್ಲಿಲ್ಲ. ಬಂದಿದ್ದು ಒಂದೇ ಸಲ, ಅದೂ ನಾಯಿಗೆ. ನಾನು ಮೇಲ್ಗಡೆ ರೂಮಲ್ಲಿದ್ದೆ. ಇದನ್ನ ಏನಂತ ಇಟ್ಕೊಳ್ಳಿ?"

ನಾನು ಇಂಚರಾಳ ಶಾಲೆಯ ಬಗ್ಗೆ ಕೇಳಿದೆ. ಕನ್ನಡ ಪರೀಕ್ಷೆಯಲ್ಲಿ ಹೇಗೋ ಪಾಸಾದಳಂತೆ.

ಇನ್ನೊಮ್ಮೆ ಕೇಳಿದರೆ ಹೌದು, ನಾನೇ ಹೇಳಿದ್ದು ಎನ್ನಬೇಕೆಂದು ನಿರ್ಧರಿಸಿದ್ದೇನೆ. ಆಮೇಲೆ ಅವಳು ಹಲವು ಸಲ ಫೋನ್ ಮಾಡಿದ್ದಾಳೆ. ಅದನ್ನು ಮಾತ್ರ ಕೇಳಿಲ್ಲ.