ಮೇಕೆ ಗುರುತಿನ ಜರ್ಕಿನ್

ನನ್ನ ತಂಗಿ ಹಿಮದ ಮೇಲೆ ಜಾರುವುದನ್ನು ಕಲಿಯಲು ಹೊರಟಾಗ ನಮ್ಮಜ್ಜಿ ಕೇಳಿದ್ದು ಒಂದೇ ಪ್ರಶ್ನೆ. "ಜಾರೋದಕ್ಕೂ ಕಲೀಬೇಕೇನೇ ಅಮ್ಮಣ್ಣಿ? ನಮ್ಮ ಬಚ್ಚಲಲ್ಲಿ ನಾನು ಯಾರ ಹತ್ರಾನೂ ಕಲೀದೇನೇ ಜಾರಿದ್ದೆ."

ತಂಗಿ ಶ್ರೀನಿವಾಸಪುರದ ಒಂದು ಹೈಸ್ಕೂಲಿನಲ್ಲಿ ಪೀಟಿ ಮೇಡಂ. ಗೌನಿಪಲ್ಲಿ ಕಡೆಯ ನಮ್ಮ ಊರಿನಿಂದ ದಿನಾ ಸ್ಕೂಟರಿನಲ್ಲಿ ಹೋಗಿ ಬರುತ್ತಾಳೆ. ವಾರವೆಲ್ಲಾ ಮಕ್ಕಳನ್ನು ಓಡಿಸಿ, ಭಾನುವಾರ ಬಂತೆಂದರೆ ಕೋಲಾರದ ಬೆಟ್ಟಕ್ಕೆ ಹೋಗಿ ತಾನು ಬಂಡೆ ಹತ್ತುತ್ತಾಳೆ. ಬೆಂಗಳೂರಿನಿಂದಲೂ ಒಂದು ಗುಂಪು ಅದೇ ಬಂಡೆಗಳಿಗೆ ಬರುತ್ತದೆ. ಅವರ ಪೈಕಿ ಹಲ್ಲಿನ ಡಾಕ್ಟರೊಬ್ಬರು, ತಂಗಿಗಿಂತ ನಾಲ್ಕಾರು ವರ್ಷ ದೊಡ್ಡವರು, ಇವಳ ಸ್ನೇಹಿತೆಯಾದರು. ಇವಳು ಅವರನ್ನು "ಡಾಕ್ಟ್ರೇ" ಅನ್ನುವುದು, ಅವರು ಇವಳನ್ನು "ಪೀಟಿ ಮೇಡಂ" ಅನ್ನುವುದು. ಹಿಮಾಲಯದಲ್ಲಿ ಸ್ಕೀ ಕಲಿಸುವ ಶಿಬಿರವೊಂದಿದೆ, ಅರ್ಜಿ ಹಾಕಿ ಅಂದವರೂ ಅವರೇ. ಅರ್ಜಿ ಹಾಕಿದಳು, ಸೀಟು ಸಿಕ್ಕಿತು. ನಮ್ಮ ಕಡೆ ಹಿಮ ಅಂದರೆ ಫ್ರಿಜ್ಜಿನ ಮೇಲ್ಗಡೆ ಡಬ್ಬಿಯಲ್ಲಿ ಕಟ್ಟಿಕೊಳ್ಳೋದು ಅಷ್ಟೇ. ಊರಿಗೆ ಊರೇ ಬಂದು ವಿಚಾರಿಸಿಕೊಂಡು ಹೋಯಿತು.

ಹೊರಡುವುದಕ್ಕೆ ಸ್ವಲ್ಪ ದಿನ ಮೊದಲು ಡಾಕ್ಟರು ತಮ್ಮ ಜರ್ಕಿನ್ನನ್ನೇ ಇವಳ ಕೈಗಿಟ್ಟರು. "ಶಿಬಿರದಲ್ಲಿ ಬಾಡಿಗೆಗೆ ಕೊಡ್ತಾರೆ, ಆದ್ರೆ ಅವು ಒದ್ದೆ ಗೋಣಿಚೀಲ ಇದ್ದಂಗೆ. ಇದನ್ನ ಹಾಕ್ಕೊಂಡು ಹೋಗಿ. ಜೋಪಾನ ಮಾತ್ರ. ನಾನಿದನ್ನ ಯಾರಿಗೂ ಕೊಟ್ಟೋಳಲ್ಲ" ಅಂದರಂತೆ. ಆ ಕೊನೇ ಮಾತನ್ನು ತಂಗಿ ಎಲ್ಲರಿಗೂ ಹೇಳಿಕೊಂಡು ಬಂದಳು. ಅವಳಿಗೆ ಜರ್ಕಿನ್ನಿಗಿಂತ ಆ ಮಾತೇ ಬೆಚ್ಚಗಿತ್ತು.

ಅವಳನ್ನು ಕಳಿಸಿಕೊಡಲು ನಾನು ಮುಳಬಾಗಿಲಿನಿಂದ ತವರಿಗೆ ಬಂದಿದ್ದೆ. ಸಂಜೆ ನಡುಮನೆಯಲ್ಲಿ ಅಜ್ಜಿ, ಅಮ್ಮ, ನಾನು ಸುತ್ತ ಕೂತೆವು. ತಂಗಿ ಚೀಲದಿಂದ ಜರ್ಕಿನ್ ತೆಗೆದಳು. ಕೆನೆಹಾಲಿನ ಬಣ್ಣ. ಕೈಲಿ ಹಿಡಿದರೆ ತೂಕವೇ ಇಲ್ಲ. ಎಡಗಡೆ ಎದೆಯ ಮೇಲೆ ಬಿಳಿ ದಾರದಲ್ಲಿ ಹೆಬ್ಬೆರಳಿನಷ್ಟು ದೊಡ್ಡದೊಂದು ಮೇಕೆ, ಬಾಗಿದ ಕೊಂಬಿನದು.

"ಇಷ್ಟು ಚೆಂದ ಬಟ್ಟೆಗೆ ಮೇಕೆ ಯಾಕೆ ಹೊಲ್ದಿದಾರೆ?" ಅಜ್ಜಿ ಕೇಳಿದರು.

"ಅದೇ ಅಜ್ಜಿ ಇದರ ಬೆಲೆ. ಈ ಮೇಕೆ ಇದ್ರೆ ದೊಡ್ಡ ಕಂಪನೀದು ಅಂತ. ಹಿಮದ ಮೇಲೆ ಜಾರೋರು ಒಬ್ಬರನ್ನೊಬ್ಬರು ಕಂಡ್ರೆ ಮೊದ್ಲು ನೋಡೋದು ಇದನ್ನೇ, ಮುಖ ಆಮೇಲೆ."

ಡಾಕ್ಟರ ಗುಂಪಿನಲ್ಲಿ ಅವಳು ಕಂಡದ್ದನ್ನೆಲ್ಲಾ ಹೇಳಿದಳು. ಯಾವ ಗುರುತಿನದು ಹಾಕಿಕೊಂಡವರು ಯಾರ ಪಕ್ಕ ಕೂರುತ್ತಾರೆ, ಹೊಸಬರು ಬಂದರೆ ಹೇಗೆ ಕಣ್ಣು ಎದೆಗೆ ಹೋಗಿ ಬರುತ್ತದೆ, ಕೈ ಕುಲುಕುವ ನೆಪದಲ್ಲಿ ಹೇಗೆ ತೋಳಿನ ಬಟ್ಟೆ ಮುಟ್ಟಿ ನೋಡುತ್ತಾರೆ. ನನಗೆ ನಗು ಬಂತು. ನಮ್ಮ ಅತ್ತೆಯಂದಿರು ಮದುವೆಮನೆಯಲ್ಲಿ "ಚೆನ್ನಾಗಿದೀಯೇನೇ?" ಅನ್ನುತ್ತಾ ಸೆರಗನ್ನು ಎರಡು ಬೆರಳಲ್ಲಿ ಉಜ್ಜಿ, ರೇಷ್ಮೆ ಅಸಲೋ ಬೆರಕೆಯೋ ಪತ್ತೆ ಮಾಡುವುದಿಲ್ಲವೇ? ಅದೇ ವಿದ್ಯೆ. ನಮ್ಮೂರಿನವರಿಗೆ ಅರ್ಥವಾಗಲಿ ಅಂತ ತಂಗಿ ಮಾವಿನ ಲೆಕ್ಕದಲ್ಲೂ ಹೇಳಿದಳು: "ಈ ಮೇಕೇದು ಬಾದಾಮಿ ಇದ್ದಂಗೆ. ಬಾಡಿಗೇದು ಜ್ಯೂಸ್ ಫ್ಯಾಕ್ಟರಿಗೆ ಹೋಗೋ ತೋತಾಪುರಿ."

ಅಜ್ಜಿ ಎಲ್ಲಾ ಕೇಳಿಸಿಕೊಂಡರು. "ಅಂದ್ರೆ ನೂರು ಜನದ ಕಣ್ಣು ಇದರ ಮೇಲೇ ಬೀಳುತ್ತೆ ಅನ್ನು" ಅಂದರು. ನಾವು ಅಲ್ಲೇ ಎಚ್ಚೆತ್ತುಕೊಳ್ಳಬೇಕಿತ್ತು.

ನಮ್ಮಲ್ಲಿ ಹೊಸ ಬಟ್ಟೆ ಮನೆಗೆ ಬಂದರೆ ದೇವರ ಮುಂದಿಟ್ಟು, ಅಂಚಿಗೆ ಒಂದಿಷ್ಟು ಅರಿಶಿನ ಮುಟ್ಟಿಸದೆ ಉಡುವಂತಿಲ್ಲ. ಯೂನಿಫಾರಮ್ಮಿಗೂ ಅಷ್ಟೇ, ಲಂಗಕ್ಕೂ ಅಷ್ಟೇ. ಕಾಲರಿನ ಒಳಗೋ ಸೆರಗಿನ ಮೂಲೆಗೋ ಹಚ್ಚುತ್ತಾರೆ, ಹೊರಗೆ ಕಾಣುವುದಿಲ್ಲ. ನಮ್ಮ ಕಡೆಯ ಮಕ್ಕಳ ಶಾಲೆ ಅಂಗಿ ಮಡಚಿ ನೋಡಿದರೆ ಒಳಗೊಂದು ಹಳದಿ ಚುಕ್ಕೆ ಇದ್ದೇ ಇರುತ್ತದೆ.

ಬೆಳಿಗ್ಗೆ ಎದ್ದು ನೋಡಿದರೆ ಜರ್ಕಿನ್ ದೇವರ ಗೂಡಿನ ಮುಂದೆ ಮಣೆಯ ಮೇಲಿತ್ತು. ಮೇಲೊಂದು ಕನಕಾಂಬರದ ಹೂವು. ಮೇಕೆ ಹಳದಿಯಾಗಿತ್ತು. ಬಾಲದ ತುದಿಯಿಂದ ಕೊಂಬಿನವರೆಗೆ, ಒಂದು ಎಳೆ ಬಿಡದಂತೆ.

ತಂಗಿ ಬಾಗಿಲಲ್ಲೇ ನಿಂತಳು. "ಅಜ್ಜೀ! ಏನ್ ಮಾಡ್ಬಿಟ್ರಿ?"

"ಅರಿಶಿನ ಇಟ್ಟೆ ತಲ್ಲಿ. ಬರೀ ಮೈಯಲ್ಲಿ ಕಳಿಸ್ಲಾ ಅಷ್ಟು ದೂರಕ್ಕೆ?" ಅಜ್ಜಿಗೆ ಮುದ್ದು ಬಂದರೆ 'ಅಮ್ಮಣ್ಣಿ' ಹೋಗಿ ತೆಲುಗಿನ 'ತಲ್ಲಿ' ಬರುತ್ತದೆ.

"ಒಳಗಡೆ ಇಡೋದಲ್ವಾ? ಮೇಕೆ ಮೇಲೇ ಇಡೋದಾ?"

"ಎಲ್ರೂ ಮೊದ್ಲು ನೋಡೋದು ಅದನ್ನೇ ಅಂತ ನೀನೇ ತಾನೆ ಹೇಳ್ದೆ? ಕಣ್ಣು ಬೀಳೋ ಕಡೆ ಇಡ್ಬೇಕಾ, ಇಲ್ಲಾ ಕಂಕುಳಲ್ಲಿ ಇಡ್ಬೇಕಾ?"

ತರ್ಕದಲ್ಲಿ ಅಜ್ಜಿಯನ್ನು ಗೆದ್ದವರು ನಮ್ಮ ವಂಶದಲ್ಲಿ ಯಾರೂ ಇಲ್ಲ.

"ಅದು ನಂದಲ್ಲ ಅಜ್ಜಿ, ಡಾಕ್ಟ್ರದು. ವಾಪಸ್ ಕೊಡ್ಬೇಕು" ಎಂದಾಗ ಮಾತ್ರ ಅಜ್ಜಿಯ ಮುಖ ಸ್ವಲ್ಪ ಇಳಿಯಿತು. ಆದರೂ ಸೋಲಲಿಲ್ಲ. "ಅವರೂ ಮಗಳೇ ತಾನೆ ಯಾರಿಗೋ" ಅಂದರು.

ಆ ಬಟ್ಟೆಗೆ ನೀರು ಅಂಟುವುದಿಲ್ಲ. ಹಾಗಾಗಿ ಸುತ್ತ ಸಿಡಿದಿದ್ದ ಅರಿಶಿನವೆಲ್ಲಾ ಒಂದು ಒದ್ದೆ ಬಟ್ಟೆಗೇ ಹೋಯಿತು. ದಾರದ ಮೇಕೆ ಮಾತ್ರ ಅರಿಶಿನವನ್ನು ಹೊಟ್ಟೆತುಂಬಾ ಕುಡಿದುಬಿಟ್ಟಿತ್ತು. ನಾನು ಅಕ್ಕನ ಗತ್ತಿನಲ್ಲಿ "ಕೊಡಿಲ್ಲಿ" ಅಂತ ಕಸಿದುಕೊಂಡು ಸೋಪು ಹಚ್ಚಿದೆ. ಅರಿಶಿನಕ್ಕೆ ಸೋಪು ತಾಕಿದರೆ ಏನಾಗುತ್ತದೆಂದು ಗೊತ್ತಿರುವವರಿಗೆ ಹೇಳಬೇಕಿಲ್ಲ. ಮೇಕೆ ಕೆಂಪಗಾಯಿತು. ಅಂತಿಂಥ ಕೆಂಪಲ್ಲ, ಬಲಿ ಕೊಟ್ಟ ಹಾಗೆ.

ತಂಗಿ ಅಳುವುದೊಂದು ಬಾಕಿ. ಅಜ್ಜಿ ಇಣುಕಿ ನೋಡಿ, "ನೋಡ್ದಾ, ಅರಿಶಿನದ ಜೊತೆ ಕುಂಕುಮಾನೂ ತಾನಾಗೇ ಬಂತು. ಶುಭ ಕಣೇ" ಅಂದರು. ಅಮ್ಮ ಓಡಿಬಂದು ನಿಂಬೆಹಣ್ಣು ಹಿಂಡಿದ ಮೇಲೆ ಕೆಂಪು ಹೋಗಿ ಮತ್ತೆ ಹಳದಿಯೇ ಬಂತು. ಆಮೇಲೆ ಏನೇ ಮಾಡಿದರೂ ಅದು ಕದಲಲಿಲ್ಲ. ಬಸ್ಸಿಗೆ ಹೊತ್ತಾಗಿತ್ತು.

ಬಸ್‌ಸ್ಟ್ಯಾಂಡಿನಲ್ಲಿ ತಂಗಿ ಮೆಲ್ಲಗೆ ಹೇಳಿದಳು. "ಅಕ್ಕಾ, ಕೊಂಡುಕೊಟ್ಟು ತೀರಿಸೋಣ ಅಂದ್ರೆ ಡಾಕ್ಟ್ರು ತಗೊಳ್ಳಲ್ಲ. ಬೈಯೋದೂ ಇಲ್ಲ. ಹಳ್ಳಿಯೋರ ಕೈಗೆ ಕೊಟ್ರೆ ಹಿಂಗೇ ಅಂತ ಮನಸ್ಸಲ್ಲೇ ಅಂದ್ಕೊಂಡು ಸುಮ್ನಾಗ್ತಾರೆ. ಆಮೇಲೆ ನಕ್ಕೊಂಡು ಮಾತಾಡ್ತಾರೆ, ಅಷ್ಟೇ. ಮೊದ್ಲಿನ ಥರ ಇರಲ್ಲ." ಅವಳ ಹೆದರಿಕೆ ಬಟ್ಟೆಯದಲ್ಲ. ನಮ್ಮೂರಿನಾಚೆ ಅವಳಿಗೆ ಅವಳಾಗಿಯೇ ಸಂಪಾದಿಸಿದ ಸ್ನೇಹ ಅಂತ ಇದ್ದದ್ದು ಅದೊಂದೇ.

ಅವಳು ವಾಪಸ್ ಬರುವವರೆಗೂ ನಾನು ತವರಲ್ಲೇ ಉಳಿದೆ. ಶಿಬಿರದಿಂದ ಫೋನು ಬರುತ್ತಿತ್ತು. ಮೊದಲ ಸಲ ಮಾಡಿದಾಗ ಪಿಸುಮಾತಿನಲ್ಲೇ ಮಾತಾಡಿದಳು. ಊಟದ ಹಾಲಿಗೆ ಹೋದರೆ ಎಲ್ಲರ ಕಣ್ಣೂ ಮೇಕೆಯ ಮೇಲೆ. ಗುರುತು ಕಂಡಿದ್ದೇ ತಡ, ಒಲೆಯ ಹತ್ತಿರದ ಬೆಂಚಿನಲ್ಲಿ ಜಾಗ ಬಿಟ್ಟರಂತೆ. ಬಾಡಿಗೆ ಜರ್ಕಿನ್ನಿನವರು ಬಾಗಿಲ ಹತ್ತಿರ, ಗಾಳಿ ಬರುವ ಕಡೆ. ಅಲ್ಲೊಬ್ಬರು ಮುಂಬೈ ಯಜಮಾನರು. ಸ್ಕೀ ಮೇಲೆ ನಿಲ್ಲುವುದಕ್ಕೇ ಇನ್ನೂ ಬರುವುದಿಲ್ಲ, ಆದರೆ ಟೋಪಿ, ಗ್ಲೌಸು, ಪ್ಯಾಂಟು, ಎಲ್ಲಾ ಮೇಕೆ ಗುರುತಿನದೇ. ಅವರು ತಂಗಿಯ ಎದೆಯನ್ನೊಮ್ಮೆ ತಮ್ಮ ಎದೆಯನ್ನೊಮ್ಮೆ ನೋಡಿಕೊಂಡು ಕೇಳಿದರಂತೆ:

"ಹಳದಿ ಮೇಕೆ? ನನ್ನ ಹತ್ರ ಇರೋ ಮೂರರಲ್ಲೂ ಬಿಳೀದೇ ಇದೆಯಲ್ಲ. ಇದು ಹೊಸದಾಗಿ ಬಂದಿರೋದಾ?"

"ಇಲ್ಲ ಸಾರ್, ನಮ್ಮಜ್ಜಿ ಅರಿಶಿನ ಹಚ್ಚಿದಾರೆ" ಅಂತ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು.

ಯಜಮಾನರಿಗೆ ಬೇಜಾರಾಯಿತು. "ಅಂಗಡಿ ಯಾವುದು ಅಂತ ಹೇಳೋಕೆ ಇಷ್ಟ ಇಲ್ದಿದ್ರೆ ಬೇಡ ಬಿಡಿ. ಅಜ್ಜಿ ಕಥೆ ಯಾಕೆ?" ಅಂದು ಎದ್ದುಹೋದರಂತೆ. ಮಾರನೇ ದಿನ ಇನ್ನಿಬ್ಬರು ಬಂದು ಗುಟ್ಟಾಗಿ ಅಂಗಡಿ ವಿಚಾರಿಸಿದರು. ನಾನು ಹೊಟ್ಟೆ ಹಿಡಿದು ನಕ್ಕೆ. ಅಜ್ಜಿಗೆ ಹೇಳಿದರೆ, "ಕೇಳಿದ್ರೆ ಅವರಿಗೂ ಇಟ್ಟುಕೊಡ್ತಿದ್ದೆ, ಅದಕ್ಕೇನು ಅಂಗಡಿ" ಅಂದರು. ತಂಗಿ ಮಾತ್ರ ನಗಲಿಲ್ಲ. "ನೀವು ನಗ್ತಿದೀರ. ನಂಗೆ ಬೀಳೋದಕ್ಕೂ ಭಯ, ಇನ್ನೇನು ಕಲೆ ಆಗುತ್ತೋ ಅಂತ. ಬೀಳದೆ ಇದು ಬರಲ್ಲವಂತೆ. ಟ್ರೈನರ್ ಬೈತಿದಾರೆ."

ಅದಕ್ಕೆ ಉತ್ತರ ಕೊಟ್ಟದ್ದು ಅಮ್ಮ. ಫೋನನ್ನು ನನ್ನಿಂದ ಕಸಿದುಕೊಂಡು, "ಅಲ್ಲಿ ಬಿಸಿಲಿದೆಯಾ?" ಅಂದರು.

"ಕಣ್ಣು ಬಿಡೋಕಾಗಲ್ಲ ಅಷ್ಟಿದೆ. ಹಿಮದ ಮೇಲೆ ಬಿದ್ದು ಎರಡರಷ್ಟಾಗುತ್ತೆ."

"ಮತ್ತೆ ಯಾಕೆ ಅಳ್ತೀಯ? ಅರಿಶಿನಕ್ಕೆ ಬಿಸಿಲೇ ಮದ್ದು. ಎದೆ ಕೊಟ್ಟು ಆಡು ಹೋಗು."

ಅವಳು ಹಾಗೇ ಮಾಡಿದಳು. ಬಿದ್ದಳು, ಎದ್ದಳು, ಬಿಡುವಿದ್ದಾಗ ಸೂರ್ಯನಿಗೆ ಎದುರಾಗಿ ಕೂತಳು. ದಿನದಿಂದ ದಿನಕ್ಕೆ ಸುದ್ದಿ ಬಂತು: ಬಾಲ ಬೆಳ್ಳಗಾಯಿತು, ಹೊಟ್ಟೆ ಬೆಳ್ಳಗಾಯಿತು, ಮೊದಲ ಸಲ ಬೀಳದೆ ಕೆಳಗಿನವರೆಗೂ ಜಾರಿದೆ, ಕಾಲು ಬೆಳ್ಳಗಾಯಿತು. ಮುಂಬೈ ಯಜಮಾನರಿಗೆ ಹಳದಿ ಮಾಯವಾಗುತ್ತಿರುವುದು ಕಂಡು ಸಮಾಧಾನವಾಗಿ, "ಬಣ್ಣ ನಿಲ್ಲಲಿಲ್ಲ ನೋಡಿ, ನಾನು ತಗೊಳ್ಳದೆ ಇದ್ದದ್ದೇ ಒಳ್ಳೇದಾಯ್ತು" ಅಂದು ಮತ್ತೆ ಮಾತಿಗೆ ಬಂದರಂತೆ.

ಊರಿಗೆ ಬಂದಾಗ ಮೂಗಿನ ತುದಿ ಸುಟ್ಟ ಬದನೆಕಾಯಿಯ ಹಾಗಿತ್ತು, ಆದರೆ ಮೇಕೆ ಬಿಳುಪಾಗಿತ್ತು. ಕೊಂಬಿನ ಬಾಗಿನೊಳಗೆ, ದಾರ ದಟ್ಟವಾಗಿದ್ದ ಕಡೆ, ಸಾಸಿವೆಯಷ್ಟು ಹಳದಿ ಉಳಿದಿತ್ತು. ಗೊತ್ತಿದ್ದು ಹುಡುಕಿದರೆ ಮಾತ್ರ ಸಿಗುವಷ್ಟು.

"ಸುಮ್ನೆ ಮಡಚಿ ಕೊಟ್ಬಿಡೇ. ಯಾರಿಗೂ ಗೊತ್ತಾಗಲ್ಲ" ಅಂದೆ ನಾನು.

"ನಂಗೆ ಗೊತ್ತಲ್ಲ ಅಕ್ಕಾ. ಪ್ರತಿ ಭಾನುವಾರ ಅವರ ಪಕ್ಕ ಕೂತಾಗ ಆ ಕೊಂಬನ್ನೇ ನೋಡ್ತಾ ಕೂರ್ಲಾ?"

ಭಾನುವಾರ ಬೆಟ್ಟದ ಬುಡದ ಟೀ ಅಂಗಡಿಯಲ್ಲಿ ಡಾಕ್ಟರು ಸಿಕ್ಕರು. ನಾನೂ ಜೊತೆಗಿದ್ದೆ. ಜರ್ಕಿನ್ ಕೈಗೆ ಕೊಡುತ್ತಲೇ ತಂಗಿ ಎಲ್ಲಾ ಹೇಳಿದಳು. ಮಣೆ, ಹೂವು, ಹಳದಿ, ಸೋಪು, ಕೆಂಪು. ಕೊಂಬಿನೊಳಗಿನ ಚುಕ್ಕೆಯನ್ನು ಬೆರಳಿಟ್ಟು ತೋರಿಸಿದಳು. ಡಾಕ್ಟರು ನಗಲಿಲ್ಲ. ಹೆಬ್ಬೆರಳಿನಿಂದ ಚುಕ್ಕೆಯನ್ನು ಒಮ್ಮೆ ಉಜ್ಜಿ ನೋಡಿದರು. ಅವರ ಟೀ ಆರುತ್ತಿತ್ತು.

"ಸುಳ್ಳು ಹೇಳಲ್ಲ, ಬೇಜಾರಾಯ್ತು ನಂಗೆ" ಅಂದರು. ಮತ್ತೆ ಜರ್ಕಿನ್ನನ್ನು ತೋಳಿನ ಮೇಲೆ ಹಾಕಿಕೊಳ್ಳುತ್ತಾ, "ನೀವು ಹೇಳ್ದೆ ಇದ್ದಿದ್ರೆ ನಂಗೆ ಕಾಣ್ತಾನೇ ಇರ್ಲಿಲ್ಲ."

"ಗೊತ್ತು ಡಾಕ್ಟ್ರೇ."

"ನಿಮ್ಮಜ್ಜಿ ಮನೇಲಿದಾರಾ ಈಗ?"

ಇದ್ದಾರೆ ಅಂದೆವು. ಅವರು ಆವತ್ತು ಬಂಡೆ ಹತ್ತುವುದನ್ನು ಬಿಟ್ಟು ಕಾರು ತೆಗೆದರು. ಶ್ರೀನಿವಾಸಪುರ ದಾಟಿದ ಮೇಲೆ ಡಾಕ್ಟರು ಒಂದೇ ಒಂದು ಸಲ, "ಕೆಂಪಗಾಯ್ತಾ, ನಿಜವಾಗ್ಲೂ?" ಅಂದರು. "ಬಲಿ ಕೊಟ್ಟಂಗೆ" ಅಂದಳು ತಂಗಿ. ಡಾಕ್ಟರು ತುಟಿ ಬಿಗಿಹಿಡಿದು ರಸ್ತೆಯನ್ನೇ ನೋಡುತ್ತಿದ್ದರು.

ಅಜ್ಜಿ ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದರು. ಇವರೇ ಡಾಕ್ಟ್ರು ಅಂತ ಹೇಳುವ ಮೊದಲೇ ಅವರ ಕಣ್ಣು ಡಾಕ್ಟರ ತೋಳಿನ ಮೇಲಿದ್ದ ಜರ್ಕಿನ್ನಿಗೆ ಹೋಯಿತು. ಎಳೆದುಕೊಂಡು ಮೇಕೆ ನೋಡಿದರು.

"ಅಯ್ಯೋ ತಲ್ಲಿ! ಒಂದು ಚೂರೂ ಇಲ್ದಂಗೆ ಹೋಗ್ಬಿಟ್ಟಿದೆಯಲ್ಲೇ! ಇರು ಬಂದೆ" ಅಂದು ಮೊಣಕಾಲು ಹಿಡಿದುಕೊಂಡು ಎದ್ದು, ಒಳಗೆ ಅರಿಶಿನದ ಭರಣಿ ತರಲು ಹೊರಟೇಬಿಟ್ಟರು.

"ಅಜ್ಜೀ, ಬೇಡ!" ಅಂತ ತಂಗಿ ಅಡ್ಡ ಹೋದಳು. ಆಗ ಡಾಕ್ಟರು ನಗಲು ಶುರು ಮಾಡಿದರು. ದಾರಿಯುದ್ದಕ್ಕೂ ಕಟ್ಟಿಟ್ಟುಕೊಂಡಿದ್ದರೋ ಏನೋ, ಕಣ್ಣಲ್ಲಿ ನೀರು ಬರುವವರೆಗೂ ನಕ್ಕರು. ಅಜ್ಜಿ ಭರಣಿ ಹಿಡಿದು ಬಂದಾಗ ಜರ್ಕಿನ್ನನ್ನು ತಾವೇ ಒಳಮಗ್ಗುಲಾಗಿ ತಿರುಗಿಸಿ, ಕಾಲರಿನ ಕೆಳಗಿನ ಜಾಗ ತೋರಿಸಿದರು.

"ಇಲ್ಲಿ ಇಡಿ ಅಜ್ಜಿ."

"ಒಳಗಿಟ್ರೆ ನೋಡೋರಿಗೆ ಹೆಂಗೆ ಕಾಣುತ್ತೆ?"

"ನಂಗೆ ಕಾಣುತ್ತಲ್ಲ. ಸಾಕು."

ಅಜ್ಜಿ ಬೆರಳನ್ನು ಗಾಳಿಯಲ್ಲೇ ನಿಲ್ಲಿಸಿ ಯೋಚಿಸಿದರು. ಸುಲಭಕ್ಕೆ ಒಪ್ಪುವ ಜೀವವಲ್ಲ.

"ಹಂಗಾದ್ರೆ ಊಟ ಮಾಡ್ಕೊಂಡೇ ಹೋಗ್ಬೇಕು. ಅವರೆಕಾಳು ಸಾರು, ಮುದ್ದೆ. ಇಲ್ಲಾಂದ್ರೆ ಮೇಕೆಗೇ ಇಡೋದು."

"ಆಯ್ತು" ಅಂದರು ಡಾಕ್ಟರು. ಆಮೇಲೆ ತಂಗಿಯ ಕಡೆ ತಿರುಗಿ, ಅದೇ ಮೊದಲ ಸಲ 'ನೀವು' ಬಿಟ್ಟು, "ಏನೇ ನಿಂತಿದೀಯ, ಕೈ ತೊಳ್ಕೊಳ್ಳೋಕೆ ನೀರು ತೋರ್ಸು ಬಾ" ಅಂದರು.