ಹುಲುಗಪ್ಪಣ್ಣನ ಅಕ್ಷರದಲ್ಲಿ ತಪ್ಪಿರಲಿಲ್ಲ

ಇನ್ನೂ ನಂಬೋಕೆ ಆಗ್ತಿಲ್ಲ...

ಸೋಮವಾರ ಹುಲುಗಪ್ಪಣ್ಣನನ್ನು ಹೊಸಪೇಟೆ ಬಸ್ ಸ್ಟ್ಯಾಂಡಿನಲ್ಲಿ ನೋಡಿದ್ದೆ.
ಟಿಫನ್ ಕ್ಯಾರಿಯರ್ ಹಿಡಿದು ನಿಂತಿದ್ದರು.
ನಾನೇ ಮುಖ ತಿರುಗಿಸಿಕೊಂಡು ಹೋದೆ.

ಇವತ್ತು ಬೆಳಿಗ್ಗೆ ಡ್ಯೂಟಿಗೆ ಹೊರಟವರು ಬಸ್ಸಿನಲ್ಲೇ ಕುಸಿದರಂತೆ... ಆಸ್ಪತ್ರೆ ಮುಟ್ಟುವಷ್ಟರಲ್ಲಿ ಮುಗಿದಿತ್ತು.

ನಮ್ಮ ಫ್ಲೆಕ್ಸ್ ಅಂಗಡಿಯವರ ವಾಟ್ಸಾಪ್ ಗ್ರೂಪಿಗೆ ಸುದ್ದಿ ಬಿದ್ದ ಕೂಡಲೇ ಒಬ್ಬರು ಕೇಳಿದರು: "ಯಾರು, ಎಮ್ಮೆ ಹುಲುಗನಾ?"
ಹೌದು ಅಂತ ಗೊತ್ತಾದ ಮೇಲೆ ಕೈಮುಗಿಯುವ ಎಮೋಜಿಗಳು ಸಾಲುಗಟ್ಟಿದವು.

ಆ ಹೆಸರು ಅವರಿಗೆ ಅಂಟಿದ್ದು ನನ್ನಿಂದ.
ಯಾರಿಗೂ ಹೇಳಿರಲಿಲ್ಲ...

ಗೊತ್ತಿಲ್ಲದವರಿಗೆ... ಹುಲುಗಪ್ಪಣ್ಣ ವಡ್ಡು ಊರಿನವರು. ಸ್ಟೀಲ್ ಫ್ಯಾಕ್ಟರಿಯಲ್ಲಿ ಕ್ರೇನ್ ಆಪರೇಟರ್. ಓದಿದ್ದು ಹತ್ತನೇ ಕ್ಲಾಸು. ಡ್ಯೂಟಿ ಮುಗಿಸಿ ಬಂದು, ಐದು ವರ್ಷ ಒಬ್ಬರೇ ಕೂತು, ಒಂದು ಕನ್ನಡ ಫಾಂಟ್ ಮಾಡಿದರು.

ದಪ್ಪ ಅಕ್ಷರ...
ಮೈತುಂಬ ಬಳುಕು...
ಪ್ರತಿ ಅಕ್ಷರದ ಕೆಳಗೆ ಅಗಲವಾದ ಪಾದ.

ಕನ್ನಡ ಅಕ್ಷರಕ್ಕೆ ಎಲ್ಲಿಯ ಪಾದ ಅಂತ ನಾನು ನಕ್ಕಿದ್ದೆ. ಅವರು ನನ್ನನ್ನು ಬೈಕ್ ಮೇಲೆ ಹಂಪಿಗೆ ಕರೆದೊಯ್ದು, ಒಂದು ಮಂಟಪದ ಕಂಬದ ಬುಡ ಮುಟ್ಟಿ ತೋರಿಸಿದರು.

"ಇಷ್ಟು ಭಾರ ಹೊರಬೇಕಂದ್ರ ಬುಡ ಅಗಲ ಬೇಕಲೇ ಸೋಮು. ದಪ್ಪ ಅಕ್ಷರನೂ ಹಂಗ. ಪಾದ ಇಲ್ಲಂದ್ರ ಬೀಳೋ ಹಂಗ ಕಾಣ್ತದ."

ಆ ಪಾದಗಳಿಗೆ ಒತ್ತಕ್ಷರ ತಗಲದಂತೆ ಕೂರಿಸಲಿಕ್ಕೇ ಒಂದು ವರ್ಷ ಹಿಡಿಯಿತು. ಫಾಂಟಿಗೆ 'ಕಂಬ' ಅಂತ ಹೆಸರಿಟ್ಟು, ಪೆನ್ ಡ್ರೈವಿನಲ್ಲಿ ತಂದು ಎಲ್ಲ ಅಂಗಡಿಗಳಿಗೂ ಪುಕ್ಕಟೆ ಕೊಟ್ಟರು.
ಕಮಲಾಪುರದ ಬಾಳೆಕಾಯಿ ಮಂಡಿಯ ಬೋರ್ಡಿಗೆ ನಾನೇ ಮೊದಲು ಹಾಕಿದೆ. ಓಡುವ ಬಸ್ಸಿನಿಂದಲೂ ಓದಬಹುದಿತ್ತು. ಆಮೇಲೆ ಮದುವೆಗೆ, ಗೃಹಪ್ರವೇಶಕ್ಕೆ, ಎಲ್ಲದಕ್ಕೂ ಅದೇ ಬೇಕು ಅಂತ ಜನ ಕೇಳಿಕೊಂಡು ಬರತೊಡಗಿದರು.

ಎಂಟು ತಿಂಗಳ ಹಿಂದೆ ಕಂಪ್ಲಿ ಕಡೆಯ ಒಬ್ಬ ಮುಖಂಡರ ಹುಟ್ಟುಹಬ್ಬ ಬಂತು.
ಫ್ಲೆಕ್ಸಿನಲ್ಲಿ ಎಲ್ಲಕ್ಕಿಂತ ದೊಡ್ಡದಾಗಿ 'ಹೆಮ್ಮೆಯ ಪುತ್ರ' ಅಂತ ಇರಬೇಕಿತ್ತು.
ಟೈಪ್ ಮಾಡಿದವನು ನಾನು. ಅವಸರದಲ್ಲಿ ಎಚ್ ಕೀ ಬೀಳಲಿಲ್ಲ... ನೋಡದೇ ಪ್ರಿಂಟಿಗೆ ಕೊಟ್ಟೆ.

ಮರುದಿನ ಕಂಪ್ಲಿಯ ಸರ್ಕಲ್ಲಿನಲ್ಲಿ ಆ ಮುಖಂಡರು 'ಎಮ್ಮೆಯ ಪುತ್ರ' ಆಗಿ ಕೈಮುಗಿದು ನಿಂತಿದ್ದರು.

ಅವರ ಹುಡುಗರು ಅಂಗಡಿಗೆ ನುಗ್ಗಿದರು.
ನನ್ನ ಬಾಯಿಂದ ಬಂದದ್ದು ಇಷ್ಟು: "ನಂದೇನಿಲ್ರಿ, ಫಾಂಟ್ ಮಿಸ್ಟೇಕು. ಆ ಬಳುಕಿನಾಗ ಹೆ ಹೋಗಿ ಎ ಆಗೈತಿ. ಮಾಡಿದಾವ ಹುಲುಗಪ್ಪ."

ಮನೆ ತೋರಿಸಲು ಅವರ ಕಾರಿನಲ್ಲಿ ನಾನೇ ಹೋದೆ.

ಯೂನಿಫಾರ್ಮ್ ಕೂಡ ಬಿಚ್ಚಿರಲಿಲ್ಲ ಹುಲುಗಪ್ಪಣ್ಣ. ಆ ಹುಡುಗರು ಹಾಗೇ ಎತ್ತಿಕೊಂಡು ಬಂದರು. ಆ ಫ್ಲೆಕ್ಸಿನ ಕೆಳಗೆ ಕೈಕಾಲೂರಿ ನಿಲ್ಲಿಸಿ, ಎಮ್ಮೆಯ ಹಾಗೆ ಕೂಗಿಸಿದರು. ಮೊದಲ ಸಲ ದನಿ ಹೊರಡಲಿಲ್ಲ. ಕೇಳಿಸಲಿಲ್ಲ ಅಂತ ಮತ್ತೆ ಕೂಗಿಸಿದರು...
ವಿಡಿಯೋ ನಿಮ್ಮೆಲ್ಲರ ಫೋನಿಗೂ ಬಂದಿತ್ತು. ಗ್ರೂಪಿಗೆ ಹಾಕಿದವನು ನಾನು. ನಗುವ ಎಮೋಜಿ ಸಮೇತ.
ನಗದಿದ್ದರೆ ನನ್ನ ಮೇಲೆ ಅನುಮಾನ ಬರುತ್ತಿತ್ತು.

ಅಣ್ಣಾ...
ಮರುದಿನ ನೀವು ಅಂಗಡಿಗೆ ಬಂದಿರಿ. ಮೊಣಕಾಲು ತರಚಿತ್ತು. ಫೈಲ್ ತೆಗಿ ಅಂದಿರಿ. ಆ ಸಾಲನ್ನು ಸೆಲೆಕ್ಟ್ ಮಾಡಿ, ನಿಮ್ಮ ಫಾಂಟ್ ತೆಗೆದು ಬೇರೆಯದು ಹಾಕಿದಿರಿ.
ಅದರಲ್ಲೂ 'ಎಮ್ಮೆಯ' ಅಂತಲೇ ಇತ್ತು.

ನೀವು ಬೈಯಲಿಲ್ಲ. ಹೊಡೆದಿದ್ದರೂ ಏಟು ತಿನ್ನುತ್ತಿದ್ದೆ.
"ಅಕ್ಷರದ್ದು ತಪ್ಪಿಲ್ಲ ಅಂತ ಗ್ರೂಪಿನಾಗ ಒಂದು ಮಾತು ಹಾಕು. ನಿನ್ನ ಹೆಸರು ಬ್ಯಾಡ. ಅಷ್ಟ ಸಾಕು."
ನಾಳೆ ಹಾಕ್ತೀನಣ್ಣ ಅಂದೆ.

ಹಾಕಲಿಲ್ಲ.

ಫ್ಯಾಕ್ಟರಿಯಲ್ಲಿ ನಿಮ್ಮ ವಾಕಿಟಾಕಿಗೆ ಎಮ್ಮೆ ಕೂಗು ಬರುತ್ತಿತ್ತಂತೆ. ಕೆಳಗೆ ನಿಂತವರು ಕೂಗಿದರೆ, ಮೇಲೆ ಕ್ರೇನಿನ ಕ್ಯಾಬಿನ್ನಿನಲ್ಲಿ ಕೂತವರು ಕೇಳಿಸಿಕೊಳ್ಳಲೇಬೇಕಲ್ಲ...
ಒಂದೊಂದೇ ಅಂಗಡಿಯವರು 'ಕಂಬ' ಡಿಲೀಟ್ ಮಾಡಿದರು. ಮಂಡಿಯವರು ಬೋರ್ಡ್ ಬದಲಿಸಿದರು. ಹೊಸ ಬೋರ್ಡ್ ಮಾಡಿಕೊಟ್ಟವನೂ ನಾನೇ.

ಇವತ್ತು ಮಧ್ಯಾಹ್ನ ವಡ್ಡುವಿಗೆ ಹೋಗಿದ್ದೆ.
ಹುಲುಗಪ್ಪಣ್ಣನ ತಲೆಯ ಹತ್ತಿರ ಹೆಂಡತಿ ಗಂಗಮ್ಮಕ್ಕ ಕೂತಿದ್ದರು. ಪಕ್ಕದಲ್ಲಿ ಕೂತು ಎಲ್ಲ ಹೇಳಿಬಿಟ್ಟೆ. ಅಳುತ್ತಾ ಹೇಳಿದೆ. ಸಮಾಧಾನ ಮಾಡುತ್ತಾರೇನೋ ಅಂತ ಒಳಗೊಳಗೇ ಆಸೆಯಿತ್ತು... ಸುಳ್ಳು ಯಾಕೆ ಹೇಳಲಿ.

ಅವರು ನನ್ನ ಕಡೆ ನೋಡಲಿಲ್ಲ.
"ಅವ್ರಿಗೆ ಗೊತ್ತಿತ್ತು. ನನಗೂ ಗೊತ್ತಿತ್ತು. ದಿನಾ ಫೋನ್ ತಗದು ನೋಡ್ತಿದ್ರು, ಇವತ್ತಾರ ಸೋಮು ಹಾಕ್ಯಾನೇನು ಅಂತ."

ಬಾಗಿಲ ಕಡೆ ನೋಡಿ ಅಂದರು: "ಎದ್ದು ಹೊರಗ ಹೋಗಪ್ಪ. ಬಂದ ಮಂದಿ ಕುಂದ್ರಬೇಕು."

ಎದ್ದು ಬಂದೆ.

ಸಂಜೆ ಗ್ರೂಪಿನಲ್ಲಿ ಆ ಮಾತು ಹಾಕಿದೆ. ನನ್ನ ಹೆಸರು ಸಮೇತ. ಎಲ್ಲರೂ ನೋಡಿದ್ದಾರೆ.

ಹುಲುಗಪ್ಪಣ್ಣ...
ಯಾರೂ ನಿಮ್ಮನ್ನು ಅಡ್ಡಹೆಸರಿನಿಂದ ಕೂಗದ ಕಡೆ, ನಿಮ್ಮ ಜೀವ ತಣ್ಣಗಿರಲಿ. 🙏