ಹಾಲಿಲ್ಲದ ಮನೆಗೆ ಹಾಲು ಉಕ್ಕಿಸಿದವರು

ಇವತ್ತು ಬೆಳಿಗ್ಗೆ ಶೇಂಗಾ ಹಾಲು ಉಕ್ಕಿ ಒಲೆಯ ಮೇಲೆಲ್ಲ ಚೆಲ್ಲಿತು. ಪುಣೆಯಿಂದ ಸೈಕಲ್ ತುಳಿದುಕೊಂಡು ಬಂದು ನಮ್ಮಲ್ಲಿ ಇಳಿದಿದ್ದ ಗಂಡ-ಹೆಂಡತಿಗೆ ಹೊಳೆಗೆ ಹೋಗುವ ದಾರಿ ಹೇಳುತ್ತ ನಿಂತಿದ್ದೆ. ಅಡುಗೆಮನೆಯಿಂದ ಸೀದ ಶೇಂಗಾದ ವಾಸನೆ ಬಂದಾಗಲೇ ಎಚ್ಚರವಾದದ್ದು. ಓಡಿಹೋಗಿ ಗ್ಯಾಸ್ ಆರಿಸಿದೆ. ಬಟ್ಟೆ ಹಿಡಿದು ಒರೆಸಬೇಕಾದವಳು ಒರೆಸಲಿಲ್ಲ, ಸುಮ್ಮನೆ ನಿಂತು ಆ ವಾಸನೆ ಎಳೆದುಕೊಂಡೆ. ಎದುರುಮನೆಯ ದೊಡ್ಡಮ್ಮ ಬಂದು ಬೆನ್ನ ಹಿಂದೆ ನಿಂತ ಹಾಗಾಯಿತು...

ಅವರೇನೂ ನನಗೆ ಬಂಧುವಲ್ಲ. ಹರಿಹರದ ನಮ್ಮ ಓಣಿಯಲ್ಲಿ ಎಲ್ಲರೂ ದೊಡ್ಡಮ್ಮ ಅನ್ನುತ್ತಿದ್ದರು, ನಾನೂ ಅಂದೆ. ಎರಡು ಎಮ್ಮೆ ಸಾಕಿದ್ದರು. ಓಣಿಗೆಲ್ಲ ಅವರದೇ ಹಾಲು. ಮಿಕ್ಕಿದ್ದನ್ನು ಹೆಪ್ಪು ಹಾಕಿ, ಕಡೆದು, ಬೆಣ್ಣೆಯ ಡಬ್ಬಿ ಹಿಡಿದು ದಾವಣಗೆರೆ ಬಸ್ ಹತ್ತುತ್ತಿದ್ದರು. ಅಲ್ಲಿ ದೋಸೆ ಹೋಟೆಲಿನವರು ಅವರ ಬೆಣ್ಣೆಗೆ ಕಾದು ಕೂತಿರುತ್ತಿದ್ದರಂತೆ. ಅಂಥವರ ಬಾಗಿಲಿನ ಎದುರಿಗೇ ನಾನು ಹೋಗಿ ಬೋರ್ಡು ಹಾಕಿದೆ: ಈ ಮನೆಯಲ್ಲಿ ಹಾಲು, ಮೊಸರು, ಬೆಣ್ಣೆ, ತುಪ್ಪ ಬಳಸುವುದಿಲ್ಲ. ನನ್ನ ಧೈರ್ಯ ನೆನೆದರೆ ಈಗ ನನಗೇ ನಗು.

ದಾವಣಗೆರೆಯ ಹಾಸ್ಟೆಲೊಂದರ ಮೆಸ್ಸಿನಲ್ಲಿ ಸೌಟು ಹಿಡಿದು ಅರ್ಧ ಆಯುಷ್ಯ ಕಳೆದವಳು ನಾನು. ಹಾಲು ನನ್ನ ಹೊಟ್ಟೆಗೆ ಮೊದಲಿನಿಂದಲೂ ಒಗ್ಗುತ್ತಿರಲಿಲ್ಲ. ಕೆಚ್ಚಲಿಗೆ ಬಾಯಿ ಹಾಕಿದ ಕರುವನ್ನು ಹಗ್ಗ ಹಿಡಿದು ಎಳೆಯುವುದನ್ನು ನೋಡಿ ನೋಡಿ ಮನಸ್ಸಿಗೂ ಒಗ್ಗದೆ ಹೋಯಿತು. ವೀಗನ್ ಅನ್ನುವ ಹೆಸರು ಅದಕ್ಕಿದೆ ಅಂತ ಗೊತ್ತಾಗಿದ್ದು ಆಮೇಲೆ. ಹಾಗೆ ಉಣ್ಣುವ ಪ್ರವಾಸಿಗಳು ಹರಿಹರದ ಗುಡಿ ನೋಡಲು ಬಂದು, ತಿನ್ನಲು ಏನೂ ಸಿಗದೆ ಬಾಳೆಹಣ್ಣು ತಿಂದು ಹೋಗುತ್ತಾರೆ ಎಂದು ಯಾರೋ ಹೇಳಿದರು. ಸರಿ, ಕೆಲಸ ಬಿಟ್ಟೆ, ಇದ್ದಬದ್ದದ್ದೆಲ್ಲ ಹಾಕಿ ಈ ಹಳೆಯ ಮನೆ ಹಿಡಿದೆ. ಮೂರು ಕೋಣೆ, ಒಂದು ಪಡಸಾಲೆ. ಅಂಥವರಿಗೆ ಉಳಿಯಲು ಕೋಣೆ ಬಾಡಿಗೆಗೆ ಕೊಡುವುದು, ಬೆಳಿಗ್ಗೆ ಒಗ್ಗರಣೆ ಮಂಡಕ್ಕಿಯೋ ಪಡ್ಡೋ ಮಾಡಿ ಹಾಕುವುದು. ಮಾಲಕಿಯೂ ನಾನೇ, ಹಾಸಿಗೆ ಒಗೆಯುವವಳೂ ನಾನೇ, ಫೋನಿನಲ್ಲಿ ನಯವಾಗಿ ಮಾತಾಡುವವಳೂ ನಾನೇ.

ಆದರೆ ಫೋನು ಬರಬೇಕಲ್ಲ! ಒಂದು ನರಪಿಳ್ಳೆಯೂ ಬರಲಿಲ್ಲ. ಬಸ್‌ಸ್ಟ್ಯಾಂಡಿನ ಆಟೋದವರು ಬಂದವರನ್ನೆಲ್ಲ ಲಾಡ್ಜಿಗೆ ಒಯ್ಯುತ್ತಿದ್ದರು. 'ಆ ಮನೆಯಾಗ ಟೀಗೂ ಹಾಲು ಹಾಕಲ್ಲಂತೆ, ಜಿಪುಣಿ' ಎಂದು ನನಗೆ ಹೆಸರು ಬಿದ್ದಿತ್ತು. ದೀಪಾವಳಿಯೊಳಗೆ ಮನೆ ತುಂಬದಿದ್ದರೆ ಬೀಗ ಹಾಕಿ ಮತ್ತೆ ಹಾಸ್ಟೆಲಿಗೆ ಹೋಗಿ ಸೌಟು ಹಿಡಿಯುವುದೊಂದೇ ದಾರಿ. ಹಗಲೆಲ್ಲ ಮಡಿಸಿದ ಚಾದರವನ್ನೇ ಮತ್ತೆ ಮಡಿಸುತ್ತ ಕೂರುತ್ತಿದ್ದೆ.

ಮನೆ ಯಾಕೆ ತುಂಬಲಿಲ್ಲ ಎನ್ನುವುದು ದೊಡ್ಡಮ್ಮನಿಗೆ ಗೊತ್ತಿತ್ತು. ಗೃಹಪ್ರವೇಶದಲ್ಲಿ ನಾನು ಹಾಲು ಉಕ್ಕಿಸಿರಲಿಲ್ಲ. ದೀಪ ಹಚ್ಚಿ, ಕಾಯಿ ಒಡೆದು, ಒಳಗೆ ಬಂದಿದ್ದೆ ಅಷ್ಟೆ. ಒಂದು ಬೆಳಿಗ್ಗೆ ಅವರು ತಂಬಿಗೆ ತುಂಬ ನೊರೆಹಾಲು ಹಿಡಿದು ಹೊಸ್ತಿಲಾಚೆ ನಿಂತರು.

"ನೀ ಕುಡಿಬ್ಯಾಡ, ನಿನ್ನ ಮಂದಿಗೂ ಕೊಡಬ್ಯಾಡ. ಒಲಿ ಮ್ಯಾಲೆ ಒಂದಿಷ್ಟು ಉಕ್ಕಿಸು ಸಾಕು. ಹಾಲು ಉಕ್ಕದ ಮನೆಗೆ ಯಾರವ್ವಾ ಕಾಲಿಡ್ತಾರ?"

"ಈ ಹೊಸ್ತಿಲು ದಾಟಿ ಹಾಲು ಒಳಗೆ ಬರಂಗಿಲ್ಲ, ದೊಡ್ಡಮ್ಮ" ಅಂದೆ. ನನ್ನ ಬಾಯಿ ಮೊದಲೇ ಒರಟು, ಆವತ್ತು ಇನ್ನೂ ಒರಟಾಗಿತ್ತು. ಅವರ ಮುಖ ಕೆಂಪೇರಿತು.

"ಹಂಗಾದ್ರ ನಿನ್ನ ಮನೆಯಾಗ ನಾ ಒಂದು ಹನಿ ನೀರೂ ಕುಡಿಯಂಗಿಲ್ಲ, ತಿಳ್ಕ!" ಎಂದು ತಿರುಗಿ ಹೋದರು. ಮಾತು ನಿಂತಿತು. ಅವರ ಮನೆಯ ಜಗಲಿಯಿಂದ ಬರುವ ಚುಚ್ಚುಮಾತು ಮಾತ್ರ ನಿಲ್ಲಲಿಲ್ಲ. ನನಗೆ ಕೇಳಿಸುವಂತೆ ಎಮ್ಮೆಗೆ ಹೇಳುತ್ತಿದ್ದರು: "ಊರಿಗೆ ಬಂದಾಕಿ ನೀರಿಗೆ ಬರದಂಗೆ ಇರ್ತಾಳೇನು? ಬರ್ತಾಳ ಬಿಡು." ನಾನು ಪಾತ್ರೆ ಕುಕ್ಕಿ ಉತ್ತರ ಕೊಡುತ್ತಿದ್ದೆ.

ನೀರಿಗೆ ಬಂದವರು ಕೊನೆಗೆ ಅವರೇ. ದಸರೆ ಕಳೆದು, ದೀಪಾವಳಿ ಹತ್ತಿರವಾಗುತ್ತಿತ್ತು. ಒಂದು ಬೆಳಿಗ್ಗೆ ಸೆರಗಿನಲ್ಲಿ ತೆಂಗಿನಕಾಯಿ ಕಟ್ಟಿಕೊಂಡು, ಏನೂ ಆಗೇ ಇಲ್ಲವೆಂಬಂತೆ ನೇರ ಅಡುಗೆಮನೆಗೆ ನುಗ್ಗಿದರು.

"ಕಾಯಿದೂ ಹಾಲೇ ಅಲ್ಲೇನು? ಉಕ್ಕೋದು ಮುಖ್ಯ. ಯಾವುದರ ಹಾಲು ಅಂತ ದೇವರು ಕೇಳ್ತಾನೇನು?"

ಅಷ್ಟು ದಿನ ಎಮ್ಮೆಯ ಮೈ ತೊಳೆಯುತ್ತ ಇದನ್ನೇ ಯೋಚಿಸಿದ್ದರು ಅನ್ನಿಸಿತು. ಇಬ್ಬರೂ ಕೂತು ಕಾಯಿ ತುರಿದೆವು, ಹಿಂಡಿದೆವು, ಹೊಸ ಪಾತ್ರೆಗೆ ಅರಿಶಿನ ಹಚ್ಚಿ ಒಲೆಗೇರಿಸಿದೆವು. ಕಾಯಿಹಾಲು ಬಿಸಿಯಾಯಿತು, ಗುಳುಗುಳು ಅಂದಿತು, ಒಡೆದು ಕೂತಿತು. ದೊಡ್ಡಮ್ಮ ತಲೆಯ ಮೇಲೆ ಕೈ ಹೊತ್ತರು. "ಅಯ್ಯಯ್ಯೋ, ಒಡೀತಲ್ಲೇ! ಇದಕ್ಕಿಂತ ಉಕ್ಕಿಸದ ಬಿಟ್ಟಿದ್ರ ಚಲೋ ಇತ್ತು!"

ಅಲ್ಲೇ ಪಕ್ಕದಲ್ಲಿ ನನ್ನ ಟೀಗೆಂದು ರುಬ್ಬಿ ಸೋಸಿದ್ದ ಶೇಂಗಾ ಹಾಲಿತ್ತು. ಅವರ ಕಣ್ಣು ಅದರ ಮೇಲೆ ಬಿತ್ತು. "ಅದನ್ನ ಹಾಕು" ಅಂದರು. ಹಾಕಿದೆ. ಶೇಂಗಾ ಹಾಲಿನ ಗುಣ ನನಗೆ ಗೊತ್ತು, ಅವರಿಗೆ ಗೊತ್ತಿರಲಿಲ್ಲ. ನೊರೆ ಕಟ್ಟಿತು, ಏರಿತು, ನೋಡನೋಡುತ್ತಿದ್ದಂತೆ ಬುಸ್ಸೆಂದು ಉಕ್ಕಿ ಬರ್ನರನ್ನೇ ಆರಿಸಿಬಿಟ್ಟಿತು! ಎಮ್ಮೆ ಹಾಲೂ ಹಾಗೆ ಉಕ್ಕುವುದಿಲ್ಲ. ದೊಡ್ಡಮ್ಮ ಚಪ್ಪಾಳೆ ತಟ್ಟಿ ಕೂಗಿದರು: "ಮೂಡಲಕ್ಕ ಚೆಲ್ತು! ಮೂಡಲಕ್ಕ ಚೆಲ್ತು ನೋಡೇ!" ಪೂರ್ವಕ್ಕೆ ಚೆಲ್ಲಿದರೆ ಮನೆ ಬೆಳಗುತ್ತದೆಂಬ ನಂಬಿಕೆ. ಒರೆಸುವಾಗ ನೋಡಿದರೆ, ಪಾತ್ರೆ ಪೂರ್ವಕ್ಕೇ ವಾಲಲಿ ಎಂದು ಈಚೆ ಬದಿಗೆ ಒಂದು ಕಾಯಿಚಿಪ್ಪಿನ ಚೂರು ಸಿಕ್ಕಿಸಿದ್ದರು.

"ಇದೇನು ದೊಡ್ಡಮ್ಮ, ಮೋಸ?" ಅಂದೆ.

"ಮೋಸ ಯಾಕ? ಅದಕ್ಕೆ ಒಂದಿಷ್ಟು ದಾರಿ ತೋರಿಸಿದೆ ಅಷ್ಟ." ಆಮೇಲೆ ಇಬ್ಬರಿಗೂ ನಗು ತಡೆಯಲಾಗಲಿಲ್ಲ. ಹೊಟ್ಟೆ ಹಿಡಿದುಕೊಂಡು ನಕ್ಕೆವು. ಉಳಿದ ಶೇಂಗಾ ಹಾಲಿಗೆ ಶುಂಠಿ, ಬೆಲ್ಲ ಹಾಕಿ ಟೀ ಮಾಡಿಕೊಟ್ಟೆ. ಮುಖ ಕಿವುಚಿಕೊಂಡೇ ಲೋಟ ಖಾಲಿ ಮಾಡಿದರು.

ಮನೆ ತುಂಬಿದ್ದು ಶಕುನದಿಂದಲೋ ದೊಡ್ಡಮ್ಮನ ಬಾಯಿಯಿಂದಲೋ ನಾನು ಹೇಳಲಾರೆ. ದಿನಾ ಬೆಣ್ಣೆ ಒಯ್ಯುವ ಬಸ್ಸಿನಲ್ಲಿ, ದೋಸೆ ಹೋಟೆಲಿನ ಬಾಗಿಲಲ್ಲಿ, ಆಟೋ ಸ್ಟ್ಯಾಂಡಿನಲ್ಲಿ ಅವರದೊಂದೇ ಮಾತು: "ನಮ್ಮ ಓಣಿಗೆ ಬರ್ರಿ. ಬೆಣ್ಣಿ ಇಲ್ಲ, ತುಪ್ಪ ಇಲ್ಲ, ಆದ್ರೂ ಅಡಿಗಿ ಹೆಂಗೈತೆ ಅಂತೀರಿ!" ಕೈಯಲ್ಲಿ ಬೆಣ್ಣೆಯ ಡಬ್ಬಿ, ಬಾಯಲ್ಲಿ ಬೆಣ್ಣೆಯಿಲ್ಲದ ಮನೆಯ ಹೊಗಳಿಕೆ! ಕೇಳಿದವರು ನಕ್ಕರು, ನಕ್ಕವರು ಬಂದರು. ದೀಪಾವಳಿಯ ಹೊತ್ತಿಗೆ ಮೂರೂ ಕೋಣೆ ತುಂಬಿ, ಪಡಸಾಲೆಯಲ್ಲೂ ಒಬ್ಬರಿಗೆ ಚಾಪೆ ಹಾಸಿದೆ.

ಆಮೇಲಿನ ವರ್ಷಗಳು ಎಂಥ ಗದ್ದಲದ ಸುಖದ ವರ್ಷಗಳು! ದೊಡ್ಡಮ್ಮ ಬೆಳಿಗ್ಗೆ ಬಂದು ಅತಿಥಿಗಳ ನಡುವೆ ಕೂತುಬಿಡುತ್ತಿದ್ದರು. ಅವರ ಕನ್ನಡ ಇವರಿಗಿಲ್ಲ, ಇವರ ಇಂಗ್ಲಿಷ್ ಅವರಿಗಿಲ್ಲ, ಆದರೂ ಮಾತು ಮುಗಿಯುತ್ತಿರಲಿಲ್ಲ. ಒಮ್ಮೆ ಒಬ್ಬಳು ಹುಡುಗಿ ಹಾಲು ಕರೆಯುವುದು ಪಾಪವಲ್ಲವೇ ಎಂದು ಕೇಳಿಯೇಬಿಟ್ಟಳು. ನಾನು ಹೆದರುತ್ತಲೇ ಕನ್ನಡದಲ್ಲಿ ಹೇಳಿದೆ. ದೊಡ್ಡಮ್ಮ ಸಿಟ್ಟಾಗಲಿಲ್ಲ. "ಒಂದು ಮೊಲಿ ಕರುವಿಗೆ ಬಿಡ್ತೀನಿ ಅಂತ ಹೇಳು. ಉಳಿದಿದ್ದರ ಲೆಕ್ಕ ಮ್ಯಾಲೆ ಹೋದ ಮ್ಯಾಲೆ ಕೊಡ್ತೀನಿ" ಅಂದರು. ಅವರು ಕರೆಯುವುದನ್ನು ಬಿಡಲಿಲ್ಲ, ನಾನು ಹಾಲು ಮುಟ್ಟಲಿಲ್ಲ. ಆ ಒಂದು ವಿಷಯದಲ್ಲಿ ಕೊನೆಯವರೆಗೂ ಜಗಳವಿತ್ತು, ಇಬ್ಬರಿಗೂ ಅದು ಬೇಕಾಗಿತ್ತು.

ಹೋದ ವರ್ಷ ಯುಗಾದಿ ಆದಮೇಲೆ ಅವರು ತೀರಿಕೊಂಡರು... ಬೆಳಿಗ್ಗೆ ಎಮ್ಮೆಗೆ ಹುಲ್ಲು ಹಾಕಿ ಬಂದು ಕೂತವರು ಮತ್ತೆ ಏಳಲಿಲ್ಲ. ಸಾವಿನ ಮನೆಯಲ್ಲಿ ಒಲೆ ಹಚ್ಚುವುದಿಲ್ಲ, ಓಣಿಯವರು ಅಡುಗೆ ಮಾಡಿ ಒಯ್ಯಬೇಕು. ಯಾರ ಮನೆಯಿಂದ ಎಂದು ಹೆಂಗಸರು ಮಾತಾಡಿಕೊಳ್ಳುತ್ತಿದ್ದರು. ನಾನು ದೂರ ನಿಂತಿದ್ದೆ. ಎಷ್ಟೆಂದರೂ ಹೊರಗಿನಿಂದ ಬಂದವಳು, ಮೊಸರಿಲ್ಲದ ಮನೆಯವಳು. ಆಗ ಅವರ ಸೊಸೆ ಕಣ್ಣೊರೆಸಿಕೊಂಡು ಎಲ್ಲರೆದುರು ನನ್ನನ್ನು ಕರೆದಳು.

"ಅಕ್ಕಾ, ನಿಮ್ಮ ಮನೆಯಿಂದಾನ ಬರ್ಲಿ. ನಮ್ಮ ಅತ್ತೆಯವ್ರಿಗೆ ಅದೇ ಸೇರ್ತಿತ್ತು."

ಅನ್ನ, ಬೇಳೆಸಾರು, ಶೇಂಗಾ ಚಟ್ನಿ ಮಾಡಿ ಒಯ್ದೆ. ಅಳುತ್ತಲೇ ಮಾಡಿದೆ, ಉಪ್ಪು ಹೆಚ್ಚಾಗಿತ್ತೋ ಏನೋ. ಬಂಧುಗಳು, ಬೀಗರು, ದಾವಣಗೆರೆಯ ಹೋಟೆಲಿನವರು ಎಲ್ಲರೂ ಕೂತು ಉಂಡರು. ಮಜ್ಜಿಗೆ ಎಲ್ಲಿ ಎಂದು ಒಬ್ಬರೂ ಕೇಳಲಿಲ್ಲ. ಬಡಿಸುತ್ತ ಬಡಿಸುತ್ತ ನಾನು ಹುಡುಕುತ್ತಿದ್ದದ್ದು ಪಂಕ್ತಿಯಲ್ಲಿ ಇಲ್ಲದ ಒಬ್ಬರನ್ನೇ.

ಸೈಕಲ್ಲಿನವರು ಹೊಳೆ ನೋಡಿ ಈಗ ತಾನೇ ಬಂದರು. ಎದುರಿನ ಜಗಲಿಯತ್ತ ನಾನು ನೋಡುತ್ತಿದ್ದುದನ್ನು ಕಂಡು, ಅದು ಯಾರ ಮನೆ ಎಂದು ಆ ಹೆಂಗಸು ಹಿಂದಿಯಲ್ಲಿ ಕೇಳಿದಳು. ನಮ್ಮ ದೊಡ್ಡಮ್ಮನದು, ಈಗ ಅವರಿಲ್ಲ ಅಂದೆ. ದೊಡ್ಡಮ್ಮ ಅಂದರೆ ಏನು ಎಂದಳು. ತಾಯಿಯ ಅಕ್ಕ ಎಂದು ಬಿಡಿಸಿ ಹೇಳಿದೆ.

"ನಿಮ್ಮ ಸ್ವಂತ ದೊಡ್ಡಮ್ಮನಾ?"

ಹೌದು ಅಂದೆ.